ಕನ್ನಡ ಶಾಲೆಗೆ ನಗು ಬಂದ ಬಗೆ



ನಮ್ಮ ಅಜ್ಜಂದಿರ ಕಾಲದ ಗಾದೆಯೊಂದು ನಿಮಗೆಲ್ಲ ತಿಳಿದೇ ಇದೆ: ‘ಛಡಿ ಛಂ ಛಂ, ವಿದ್ಯೆ ಘಂ ಘಂ.’ ಬೆತ್ತ ಚೆನ್ನಾಗಿ ಆಡಿದರೆ ವಿದ್ಯೆ ಚೆನ್ನಾಗಿ ಘಮಘಮಿಸುತ್ತದೆ ಎಂಬುದು ಇದರ ತಾತ್ಪರ್ಯ. ಈ ಗಾದೆಯಲ್ಲಿ ನನಗೆ ಸದಾ ಸೋಜಿಗವೆನಿಸುವುದು ಅದರ ಪ್ರಾಸ. ಮಕ್ಕಳನ್ನು ಹೊಡೆಯಬೇಕೆಂಬ ಮಾತನ್ನೂ ನಮ್ಮ ಹಿರಿಯರು ತಾಳಕ್ಕೆ ಕೂರಿಸಿ ಹೇಳಿದರು. ಏಟು ತಿನ್ನುವ ಹುಡುಗನ ನಾಲಗೆಯ ಮೇಲೆಯೂ ಸುಲಭವಾಗಿ ಹೊರಳಬಲ್ಲ ಮಾತು ಅದು. ಹಾಡಿನ ರುಚಿ ಅರಿತಿದ್ದ ಜನ, ಆ ರುಚಿಯನ್ನು ಮಗುವಿಗೆ ಉಣಿಸಲು ಮಾತ್ರ ಬಹುಕಾಲ ಹಿಂದೆಗೆದರು. ಆ ಹಿಂಜರಿಕೆ ಹೇಗೆ ಸಡಿಲವಾಯಿತು, ಯಾರು ಸಡಿಲಗೊಳಿಸಿದರು ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಬರೆಯುತ್ತೇನೆ. ನಿಮ್ಮಲ್ಲಿ ಹಲವರು ಈಗ ಉಪಾಧ್ಯಾಯರು. ಉಳಿದವರು ತಂದೆತಾಯಿಗಳು, ಕೆಲವರು ಅಜ್ಜ ಅಜ್ಜಿಯರು. ಈ ಇತಿಹಾಸ ನಿಮ್ಮ ಮನೆಯದೂ ಹೌದು.

ಹಳೆಯ ಕೂಲಿಮಠಗಳ ಚಿತ್ರವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ದೇವಸ್ಥಾನದ ಜಗಲಿಯೋ ಯಾರದೋ ಮನೆಯ ಪಡಸಾಲೆಯೋ ಶಾಲೆ. ನೆಲದ ಮೇಲೆ ಮರಳು ಹರಡಿ ಅದರಲ್ಲಿ ಬೆರಳಿನಿಂದ ಅಕ್ಷರ ತಿದ್ದುವುದು. ಆಮೇಲೆ ಮಗ್ಗಿ, ಕಾಗುಣಿತ, ಸಂಸ್ಕೃತದ ಕಡೆಯವರಿಗೆ ಅಮರಕೋಶ. ಇವೆಲ್ಲವೂ ಒಕ್ಕೊರಲಿನಿಂದ, ರಾಗವಾಗಿ, ಬೀದಿಯ ಕೊನೆಯವರೆಗೆ ಕೇಳುವಂತೆ ನಡೆಯುತ್ತಿದ್ದವು. ತಪ್ಪಿದವನಿಗೆ ಬೆತ್ತ, ಬಸ್ಕಿ. ಬಹಳ ತಪ್ಪಿದವನಿಗೆ ಕೋದಂಡ, ಅಂದರೆ ಜಂತಿಗೆ ಕಟ್ಟಿದ ಹಗ್ಗ ಹಿಡಿದು ತೂಗಾಡುವ ಶಿಕ್ಷೆ.

ಆದ್ದರಿಂದ ಹಳೆಯ ಶಾಲೆಯಲ್ಲಿ ಸಂಗೀತವೇ ಇರಲಿಲ್ಲವೆನ್ನುವುದು ಸರಿಯಲ್ಲ. ರಾಗವಿತ್ತು, ತಾಳವಿತ್ತು, ನಲವತ್ತು ಕಂಠಗಳ ಮೇಳವಿತ್ತು. ಆದರೆ ಆ ಮೇಳದಲ್ಲಿ ಮಗುವಿನ ಪಾಲೇನು? ಹದಿನೇಳರ ಮಗ್ಗಿಯನ್ನು ಕೂಗುವ ಹುಡುಗ ತನ್ನದಲ್ಲದ ಮಾತನ್ನು ತನ್ನದಲ್ಲದ ಧ್ವನಿಯಲ್ಲಿ ಒಪ್ಪಿಸುತ್ತಿದ್ದ. ನೆನಪಿನ ಶಕ್ತಿಗೆ ಅದರಿಂದ ಉಪಕಾರವಾಯಿತೆಂಬುದು ನಿಜ. ಮಗ್ಗಿ ಬಾರದ ಇಂದಿನ ಹುಡುಗರನ್ನು ಕಂಡಾಗ ನನಗೂ ಆ ಕೂಗು ಬೇಕೆನಿಸುತ್ತದೆ. ಆದರೆ ಮಗುವಿನ ಮನಸ್ಸು ಗುರುವಿನ ಮನಸ್ಸನ್ನು ಮುಟ್ಟುವ ದಾರಿ ಅದಲ್ಲ.

ಬ್ರಿಟಿಷರ ಆಡಳಿತ ಬಂದ ಮೇಲೆ ಭಯಕ್ಕೆ ಇನ್ನೊಂದು ಮೆಟ್ಟಿಲು ಕೂಡಿತು. ಮದರಾಸು ಪ್ರಾಂತದಲ್ಲಿ (ನಮ್ಮ ದಕ್ಷಿಣ ಕನ್ನಡ ಆಗ ಅದಕ್ಕೆ ಸೇರಿತ್ತು) ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಪರೀಕ್ಷೆಯ ಫಲಿತಾಂಶ ನೋಡಿ ಶಾಲೆಗೆ ಹಣ ಕೊಡುವ ಪದ್ಧತಿಯಿತ್ತು. ಇನ್ಸ್‌ಪೆಕ್ಟರರು ಬಂದು ಮಕ್ಕಳನ್ನು ಪರೀಕ್ಷಿಸುವರು; ತೇರ್ಗಡೆಯಾದವರ ಲೆಕ್ಕಕ್ಕೆ ತಕ್ಕಂತೆ ಅನುದಾನ. ಮಗುವಿಗೆ ಗುರುವಿನ ಭಯ, ಗುರುವಿಗೆ ಇನ್ಸ್‌ಪೆಕ್ಟರರ ಭಯ. ಬಾಯಿ ತಪ್ಪಿದ ಒಂದು ಮಗುವಿನಿಂದ ಗುರುವಿನ ಮನೆಯ ಅಕ್ಕಿಗೆ ಸಂಚಕಾರ ಬರುವಂತಿದ್ದಾಗ, ಆ ಬಡ ಅಧ್ಯಾಪಕನ ಮುಖದಲ್ಲಿ ನಗು ಹುಡುಕುವುದು ನ್ಯಾಯವಲ್ಲ.

ಇಂಥ ವ್ಯವಸ್ಥೆಯ ಒಳಗಿನಿಂದಲೇ ಒಬ್ಬರು ಹಾಡುತ್ತ ಎದ್ದುಬಂದರು. ಅವರೇ ಪಂಜೆ ಮಂಗೇಶರಾಯರು. ಅವರು ಹುಟ್ಟಿದ್ದು 1874ರಲ್ಲಿ, ಬಂಟವಾಳದಲ್ಲಿ. ಮಂಗಳೂರಿನಲ್ಲಿ ಕನ್ನಡ ಉಪಾಧ್ಯಾಯರಾದರು, ಮುಂದೆ ಶಾಲೆಗಳ ತನಿಖೆ ನಡೆಸುವ ಅಧಿಕಾರಿಯಾದರು, ಕೊಡಗಿನಲ್ಲಿಯೂ ಸೇವೆ ಸಲ್ಲಿಸಿದರು. ಅಂದರೆ ಯಾವ ಅಧಿಕಾರಿ ಬಂದನೆಂದರೆ ಶಾಲೆಗೆ ಶಾಲೆಯೇ ಉಸಿರು ಬಿಗಿಹಿಡಿಯುತ್ತಿತ್ತೋ ಆ ಅಧಿಕಾರಿಯ ಕುರ್ಚಿಯಲ್ಲಿ ಅವರು ಕುಳಿತಿದ್ದರು. ತನಿಖೆಗೆ ಹೋದ ಶಾಲೆಗಳಲ್ಲಿ ಮಕ್ಕಳೆದುರು ತಾವೇ ನಿಂತು ಕತೆ ಹೇಳಿ, ಅಭಿನಯಿಸಿ, ಹಾಡಿ ತೋರಿಸುತ್ತಿದ್ದರೆಂಬುದು ಕರಾವಳಿಯಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು. ತಮ್ಮ ಪದ್ಯಗಳಿಗೆ ಅವರು ಇಟ್ಟುಕೊಂಡ ಹೆಸರು ‘ಕವಿಶಿಷ್ಯ’. ದೊಡ್ಡ ಹುದ್ದೆಯಲ್ಲಿದ್ದೂ ಶಿಷ್ಯನೆಂದು ಕರೆದುಕೊಂಡವರು!

ಪಂಜೆಯವರ ಸಾಧನೆಯ ಅಳತೆ ಸಿಗಬೇಕಾದರೆ ಅವರ ಎದುರಿಗಿದ್ದ ಮಕ್ಕಳು ಯಾರೆಂದು ಕೇಳಿಕೊಳ್ಳಬೇಕು. ಕರಾವಳಿಯ ಮಕ್ಕಳ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಕೊಡಗಿನ ಮಕ್ಕಳದು ಕೊಡವ ತಕ್ಕ್, ಅರೆಭಾಷೆ. ಕನ್ನಡವೆಂಬುದು ಅವರಲ್ಲಿ ಅನೇಕರಿಗೆ ಶಾಲೆಯ ಬಾಗಿಲಲ್ಲಿ ಮೊದಲು ಎದುರಾಗುವ ಭಾಷೆ. ಸ್ವತಃ ಪಂಜೆಯವರ ಮನೆಮಾತು ಕೊಂಕಣಿ. ಆದ್ದರಿಂದ ಬೇರೆ ಭಾಷೆಯ ಹೊಸ್ತಿಲಲ್ಲಿ ನಿಂತ ಮಗುವಿನ ಅಳುಕು ಅವರಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ಅರ್ಥ ಗೊತ್ತಿಲ್ಲದ ಮಗುವೂ ಹಾಡಬಲ್ಲದು. ಹಾಡಿದ ಮೇಲೆ ಅರ್ಥ ನಿಧಾನವಾಗಿ ಬಂದು ಪಕ್ಕದಲ್ಲಿ ಕೂರುತ್ತದೆ. ಮಾತು ಬಾರದ ಮಗುವಿಗೆ ಆ ಭಾಷೆಯಲ್ಲಿ ಮೊದಲು ಸಿಗುವ ಮಣೆಯೇ ಹಾಡು.

ಅವರ ‘ನಾಗರಹಾವು’ ಪದ್ಯವನ್ನು ನಿಮ್ಮಲ್ಲಿ ಬಾಯಿಪಾಠ ಮಾಡದವರಿಲ್ಲ. ಮಗುವೊಂದು ಹಾವಿಗೆ ಕೈಮುಗಿದು, ಹಾಲು ಕೊಡುತ್ತೇನೆಂದು ಕರೆದು, ಅದರ ತಲೆಯ ರತ್ನದ ಬಗ್ಗೆ ವಿಚಾರಿಸುವ ಬಗೆ ಎಷ್ಟು ಸಹಜವಾಗಿದೆ! ಒಂದೇ ಅಕ್ಷರ ಮತ್ತೆಮತ್ತೆ ಬಂದು ಕುಣಿಯುವ ಕಡೆಗಳಂತೂ ಮಕ್ಕಳಿಗಾಗಿಯೇ ಬಿಟ್ಟ ಬಯಲು. ಏನೂ ಬಾರದ ಮಗುವೂ ಅಲ್ಲಿ ಸೇರಿಕೊಂಡು ಗಂಟಲು ಬಿಚ್ಚಬಹುದು. ‘ತೆಂಕಣ ಗಾಳಿಯಾಟ’ದಲ್ಲಿ ಗಾಳಿಯ ಬೀಸೇ ಪದಗಳ ಓಟವಾಗಿದೆ. ‘ಹುತ್ತರಿ ಹಾಡು’ ಕೊಡಗಿನ ಮಕ್ಕಳಿಗೆ ತಮ್ಮ ಬೆಟ್ಟ, ತಮ್ಮ ಸುಗ್ಗಿಯನ್ನು ಕನ್ನಡದಲ್ಲಿ ಕಾಣಿಸಿತು. ‘ಇಲಿಗಳ ಥಕಥೈ’ ಎಂಬ ಕತೆಯ ಹೆಸರಿನಲ್ಲೇ ಗೆಜ್ಜೆ ಇದೆ. ಹಳೆಯ ಮಗ್ಗಿಯಲ್ಲಿದ್ದ ಅದೇ ತಾಳ, ಅದೇ ಮೇಳ. ಆದರೆ ಈಗ ಅದು ಮಗುವಿನ ಕಣ್ಣಿಗೆ ಕಂಡ ಹಾವು, ಗಾಳಿ, ಇಲಿಗಳ ಲೋಕಕ್ಕೆ ಸೇರಿತ್ತು.

1921ರಲ್ಲಿ ಪಂಜೆಯವರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಮಕ್ಕಳಿಗಾಗಿ ಬರೆಯುವುದು ಪಂಡಿತರಿಗೆ ಹಗುರವೆನಿಸುತ್ತಿದ್ದ ಕಾಲ ಅದು. 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದಾಗ ಆ ಹಗುರದ ಮಾತಿಗೆ ಉತ್ತರ ಸಿಕ್ಕಿತೆನ್ನಬೇಕು. ಮೂರು ವರ್ಷಗಳ ನಂತರ, 1937ರಲ್ಲಿ, ಅವರು ತೀರಿಕೊಂಡರು.

ಇತ್ತ ಮೈಸೂರು ಸಂಸ್ಥಾನದಲ್ಲಿ ನಗು ಬೇರೆಯ ಬಾಗಿಲಿನಿಂದ ಬಂದಿತು. ಟಿ.ಪಿ. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು. ಅವರ ‘ಟೊಳ್ಳುಗಟ್ಟಿ’ ನಾಟಕದ ಇನ್ನೊಂದು ಹೆಸರು ‘ಮಕ್ಕಳ ಸ್ಕೂಲ್ ಮನೇಲಲ್ವೇ?’ ಎಂದು. ಒಬ್ಬ ಮಗ ಪರೀಕ್ಷೆಯಲ್ಲಿ ಮುಂದು, ಇನ್ನೊಬ್ಬ ಹಿಂದು. ಮನೆಗೆ ಕಷ್ಟ ಬಂದಾಗ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಬಯಲಾಗುತ್ತದೆ. ಮಾರ್ಕಿನ ಹುಚ್ಚು ನಮ್ಮ ಕಾಲದ ರೋಗವೆಂದು ತಿಳಿದವರು ಈ ನಾಟಕವನ್ನು ಓದಬೇಕು. ರೋಗಕ್ಕೆ ನೂರು ವರ್ಷ ತುಂಬಿದೆ. ಕೈಲಾಸಂ ಅವರ ಜಾಣತನವೆಂದರೆ ಅವರು ತಂದೆತಾಯಿಗಳಿಗೆ ಉಪದೇಶ ಮಾಡಲಿಲ್ಲ. ಅವರ ಮನೆಯ ಇಂಗ್ಲಿಷು ಬೆರೆತ ಕನ್ನಡವನ್ನೇ ರಂಗದ ಮೇಲೆ ಆಡಿಸಿ, ಅವರೇ ತಮ್ಮನ್ನು ನೋಡಿ ನಗುವಂತೆ ಮಾಡಿದರು. ಉಪದೇಶ ಕೇಳಿದವನು ತಲೆ ತಗ್ಗಿಸಿ ಎದ್ದು ಹೋಗುತ್ತಾನೆ. ತನ್ನನ್ನು ನೋಡಿ ತಾನು ನಕ್ಕವನು ಮನೆಗೆ ಹೋದ ಮೇಲೂ ಯೋಚಿಸುತ್ತಾನೆ.

ಅದೇ ಮೈಸೂರು ಸೀಮೆಯ ಜಿ.ಪಿ. ರಾಜರತ್ನಂ ಅವರ ಕತೆ ಉಪಾಧ್ಯಾಯರೆಲ್ಲ ನೆನೆಯಬೇಕಾದದ್ದು. ಅವರ ತಂದೆಯೂ ಶಾಲೆಯ ಉಪಾಧ್ಯಾಯರು. ಕನ್ನಡ ಎಂ.ಎ. ಮುಗಿಸಿದ ರಾಜರತ್ನಂ ಕೆಲಕಾಲ ತಂದೆಯ ಬದಲಿಗೆ ಚಿಕ್ಕ ಮಕ್ಕಳಿಗೆ ಪಾಠ ಹೇಳಿದರು. ಎಂ.ಎ. ಪದವೀಧರ ಶಿಶುವಿಹಾರದ ನೆಲದಲ್ಲಿ ಕುಳಿತಾಗ ಅವರಿಗೆ ಅರಿವಾದದ್ದು ಇಷ್ಟೆ: ಆ ವಯಸ್ಸಿನ ಮಕ್ಕಳ ಬಾಯಿಗೆ ಹೊಂದುವ ಕನ್ನಡ ಪದ್ಯಗಳು ಸಾಲದು. ಇಲ್ಲವೆಂದು ದೂರುವ ಬದಲು ತಾವೇ ಬರೆದರು. ಹಾಗೆ ಹುಟ್ಟಿದ್ದು ‘ತುತ್ತೂರಿ’. ತಗಡಿನ ತುತ್ತೂರಿ ಕೊಂಡು ಜಂಬದಿಂದ ಊದುತ್ತ ಹೋದ ಹುಡುಗನ ತುತ್ತೂರಿ ಕೊಳಕ್ಕೆ ಜಾರಿ ಬೀಳುವ ಆ ಪುಟ್ಟ ಕತೆಯಲ್ಲಿ ‘ಜಂಬ ಪಡಬೇಡ’ ಎಂಬ ನೀತಿಯೂ ಇದೆ. ಆದರೆ ಮಕ್ಕಳು ನೀತಿಗಾಗಿ ಕಾಯುವುದಿಲ್ಲ. ತುತ್ತೂರಿ ಜಾರುವ ಜಾಗಕ್ಕಾಗಿ ಕಾಯುತ್ತಾರೆ! ಪ್ರತಿ ಸಲವೂ ಅದು ಅಲ್ಲಿಯೇ ಜಾರುತ್ತದೆ, ಪ್ರತಿ ಸಲವೂ ಅವರು ಅಲ್ಲಿಯೇ ನಗುತ್ತಾರೆ. ಇದೇ ಕವಿ ಇನ್ನೊಂದು ಕೈಯಲ್ಲಿ ‘ರತ್ನನ ಪದಗಳು’ ಬರೆದು ಕುಡುಕನ ಬಾಯಲ್ಲಿ ಕನ್ನಡದ ಪ್ರೀತಿಯನ್ನು ಹಾಡಿಸಿದರು. 1978ರಲ್ಲಿ ದೆಹಲಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳಿತವರು ಈ ತುತ್ತೂರಿಯ ಕವಿಯೇ.

ರಾಜರತ್ನಂ ಅವರ ‘ನಾಯಿಮರಿ’ ಪದ್ಯದ ವಿಷಯದಲ್ಲಿ ನನ್ನದೊಂದು ಅನುಭವವನ್ನು ಹೇಳದಿದ್ದರೆ ಈ ಬರಹ ಅಪೂರ್ಣ. ಆ ಪದ್ಯ ಪ್ರಶ್ನೋತ್ತರದ ರೂಪದಲ್ಲಿದೆ: ಒಂದು ಕಡೆ ಮಗು ಕೇಳುತ್ತದೆ, ಇನ್ನೊಂದು ಕಡೆ ನಾಯಿಮರಿ ಉತ್ತರಿಸುತ್ತದೆ. ಕಳ್ಳ ಬಂದರೆ ಏನು ಮಾಡುವೆ ಎಂದು ಕೇಳಿದಾಗ ನಾಯಿಮರಿ ಬೊಗಳಿ ತೋರಿಸಬೇಕು. 1970ರ ದಶಕದಲ್ಲಿ ನಾನು ಮಲೆನಾಡಿನ ಅಂಚಿನ ಒಂದು ಹಳ್ಳಿಯಲ್ಲಿ ಒಂದನೆಯ, ಎರಡನೆಯ ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುತ್ತಿದ್ದೆ. ಪಕ್ಕದ ತಾಂಡಾದಿಂದ ಲಂಬಾಣಿ ಹುಡುಗಿಯೊಬ್ಬಳು ಬರುತ್ತಿದ್ದಳು. ಸೇರಿ ಮೂರು ತಿಂಗಳಾಗಿದ್ದರೂ ಅವಳ ಧ್ವನಿಯನ್ನು ಯಾರೂ ಕೇಳಿರಲಿಲ್ಲ. ಹಾಜರಿ ಕೂಗಿದರೆ ಎದ್ದು ನಿಲ್ಲುವಳು, ಕೂರುವಳು, ಅಷ್ಟೆ. ಮಂದಮತಿಯಿರಬೇಕೆಂದು ಊರವರು ನಿರ್ಧರಿಸಿಬಿಟ್ಟಿದ್ದರು.

ಒಂದು ದಿನ ತರಗತಿಯನ್ನು ಎರಡು ಭಾಗ ಮಾಡಿ ಆ ಪದ್ಯವನ್ನು ಆಡಿಸುತ್ತಿದ್ದೆ. ನಾಯಿಮರಿಯ ಕಡೆಯವರು ಬೊಗಳುವ ಜಾಗ ಬಂದಾಗ ಎಲ್ಲರ ಧ್ವನಿಯ ಮೇಲೆ ಒಂದು ಧ್ವನಿ ಎದ್ದಿತು. ಅದು ಪುಸ್ತಕದ ಬೊಗಳಲ್ಲ, ತಾಂಡಾದ ರಾತ್ರಿಯ ನಿಜವಾದ ಬೊಗಳು. ಜಗಲಿಯ ಕೆಳಗೆ ಮಲಗಿದ್ದ ಬೀದಿನಾಯಿ ದಿಗ್ಗನೆ ಎದ್ದು ತಾನೂ ಉತ್ತರ ಕೊಟ್ಟಿತು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ನಾನಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳಬೇಕಾಯಿತು. ಆ ಹುಡುಗಿ ಒಂದು ಕ್ಷಣ ಸುತ್ತಲೂ ನೋಡಿದಳು. ಈ ನಗು ತನ್ನ ಮೇಲೆ ಬಿದ್ದದ್ದೋ ತನ್ನನ್ನು ಸೇರಿಸಿಕೊಂಡದ್ದೋ ಎಂದು ಅವಳು ಅಳೆಯುತ್ತಿದ್ದುದನ್ನು ನಾನು ಕಂಡೆ. ನಾನು ನಾಯಿಮರಿಯ ಕಡೆಗೆ ಹೋಗಿ ಅವಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ನನಗೆ ಬಂದಂತೆ ಬೊಗಳಿದೆ. ಹೊರಗಿನ ನಾಯಿ ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆಗ ಅವಳು ನಕ್ಕಳು.

ಆ ವೇಳೆಗೆ ಸರಿಯಾಗಿ ಮೇಲಧಿಕಾರಿಗಳೊಬ್ಬರು ಬಾಗಿಲಲ್ಲಿ ನಿಂತಿದ್ದರು. ‘ಇದು ಶಾಲೆಯೋ ಸಂತೆಯೋ?’ ಎಂದು ಕೇಳಿ, ಭೇಟಿ ಪುಸ್ತಕದಲ್ಲಿ ‘ಶಿಸ್ತು ಸಾಲದು’ ಎಂದು ಬರೆದು ಹೋದರು. ಅವರಿಗೆ ಕೇಳಿಸಿದ್ದು ಗದ್ದಲ. ಮೂರು ತಿಂಗಳ ಮೌನ ಮುರಿದದ್ದು ಅವರಿಗೆ ಕೇಳಿಸುವಂತಿರಲಿಲ್ಲ.

ಮುಂದಿನ ವಾರ ನಾನು ಆ ಹುಡುಗಿಯನ್ನು ಅವರ ಮನೆಯ ಹಾಡೊಂದನ್ನು ಹಾಡೆಂದೆ. ಅವಳು ಲಂಬಾಣಿಯಲ್ಲಿ ಹಾಡಿದಳು, ಉಳಿದವರು ಹೇಳಿಕೊಳ್ಳಬೇಕಾಯಿತು. ಕನ್ನಡದ ಮಕ್ಕಳ ನಾಲಗೆ ತಡವರಿಸಿತು; ಅವಳು ತಿದ್ದಿದಳು, ಮತ್ತೆ ಹೇಳಿಸಿದಳು, ಸೊಂಟದ ಮೇಲೆ ಕೈಯಿಟ್ಟುಕೊಂಡು ಥೇಟು ನನ್ನಂತೆಯೇ ಗದರಿದಳು. ಆ ದಿನ ಬಾಯಿ ಬಾರದವರು ನಾವಾಗಿದ್ದೆವು. ವರ್ಷದ ಕೊನೆಗೆ ಅವಳು ಎರಡನೆಯ ತರಗತಿಯ ಪುಸ್ತಕವನ್ನು ತಡೆಯಿಲ್ಲದೆ ಓದುತ್ತಿದ್ದಳು. ಪಂಜೆಯವರು ಕರಾವಳಿಯಲ್ಲಿ ಕಂಡುಕೊಂಡದ್ದನ್ನು ನಾನು ತಾಂಡಾದ ಮಗುವಿನಿಂದ ಕಲಿತೆ.

ಹಾಡಿನಿಂದ ನಾಟಕಕ್ಕೆ ಬರೋಣ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇಂಗ್ಲಿಷ್ ಕವಿ ಬ್ರೌನಿಂಗನ ಕಥನಕವನವನ್ನು ತುಂಗಾತೀರಕ್ಕೆ ತಂದಿತು. ಕೊಳಲಿನ ಜಾಗದಲ್ಲಿ ನಮ್ಮ ಜೋಗಿಯ ಕಿಂದರಿ ಬಂದಿತು. ಆ ಕತೆಯಲ್ಲಿ ಹಿರಿಯರಿಗೊಂದು ಎಚ್ಚರಿಕೆಯೂ ಇದೆ: ಮಾತಿಗೆ ತಪ್ಪಿದ ಊರಿನ ಮಕ್ಕಳು ತಮ್ಮನ್ನು ಕುಣಿಸಬಲ್ಲವನ ಹಿಂದೆ ಹೊರಟುಹೋಗುತ್ತಾರೆ. ಕುವೆಂಪು ಮಕ್ಕಳಿಗಾಗಿ ‘ನನ್ನ ಗೋಪಾಲ’ ಎಂಬ ನಾಟಕವನ್ನೂ ಬರೆದರು. ಕಾಡಿನ ದಾರಿಯಲ್ಲಿ ಒಬ್ಬನೇ ಶಾಲೆಗೆ ಹೋಗಲು ಅಂಜುವ ಬಡ ಹುಡುಗನಿಗೆ ದೇವರೇ ಜೊತೆಗಾರನಾಗಿ ಬರುವ ಕತೆ ಅದು.

ಈ ನಾಟಕ ಮೈಸೂರಿನಿಂದ ದೂರದ ಬಂಟವಾಳ ತಾಲ್ಲೂಕಿಗೂ ತಲುಪಿತು. ಅಲ್ಲಿಯ ಹಳ್ಳಿಯೊಂದರ ಶಾಲೆಯಲ್ಲಿ ಪಿ.ಕೆ. ನಾರಾಯಣ ಎಂಬ ಉಪಾಧ್ಯಾಯರು ಅದನ್ನು ಮಕ್ಕಳಿಂದ ಆಡಿಸಿದರು. ಅದರಲ್ಲಿ ಪಾತ್ರ ಮಾಡಿದವರಲ್ಲಿ ಮಂಚಿ ಗ್ರಾಮದ ಮೂರನೆಯ ತರಗತಿಯ ಹುಡುಗನೊಬ್ಬನಿದ್ದ. ಅವನೇ ಮುಂದೆ ಬಿ.ವಿ. ಕಾರಂತರಾದ. ಬಾಲಕನಾಗಿರುವಾಗಲೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದ. ವೀರಣ್ಣನವರೇ ಅವನನ್ನು ಓದಲು ಕಾಶಿಗೆ ಕಳುಹಿಸಿದರು. 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ತೇರ್ಗಡೆಯಾಗಿ, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. 2002ರಲ್ಲಿ ನಮ್ಮನ್ನಗಲಿದರು. ಇಷ್ಟು ದೊಡ್ಡ ಬದುಕಿನ ಮೊದಲ ಗಂಟೆ ಬಾರಿಸಿದ್ದು ಒಂದು ಹಳ್ಳಿ ಶಾಲೆಯಲ್ಲಿ. ವಾರ್ಷಿಕೋತ್ಸವದ ನಾಟಕಕ್ಕಾಗಿ ಸಂಜೆ ಶಾಲೆಯಲ್ಲಿ ಉಳಿಯುವ ನಿಮ್ಮಂಥ ಉಪಾಧ್ಯಾಯರಿಗೆ ಇದಕ್ಕಿಂತ ದೊಡ್ಡ ಸಮಾಧಾನವಿಲ್ಲ.

ಕಾರಂತರು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಅಧ್ಯಾಪಕರಾಗಿಯೂ ಇದ್ದರು. ಅವರ ರಂಗಸಂಗೀತದ ಗುಟ್ಟು ನಾವೆಲ್ಲ ಬಲ್ಲದ್ದೇ: ಹಾರ್ಮೋನಿಯಂ, ತಬಲಾಗಳಿಗೆ ಅವರು ಕಾಯುತ್ತಿರಲಿಲ್ಲ. ಮಡಕೆ, ತಟ್ಟೆ, ಕಲ್ಲು, ಬಿದಿರು, ಮನುಷ್ಯರ ಉಸಿರು ಇವುಗಳಿಂದಲೇ ನಾದ ತೆಗೆಯುತ್ತಿದ್ದರು. ಬಡ ಶಾಲೆಗಳಿಗೆ ಇದೊಂದು ದೊಡ್ಡ ಕೊಡುಗೆ. ಸಂಗೀತಕ್ಕೆ ಹಣ ಬೇಕು, ವಾದ್ಯ ಬೇಕು, ಮೇಷ್ಟರು ಬೇಕು ಎಂಬ ನೆಪಗಳನ್ನೆಲ್ಲ ಅವರು ಒಂದು ಮಡಕೆಯಿಂದ ಅಳಿಸಿಹಾಕಿದರು.

ಅವರು ಮಕ್ಕಳಿಂದ ಆಡಿಸಿದ ‘ಪಂಜರಶಾಲೆ’ಗೆ ಮೂಲ ರವೀಂದ್ರನಾಥ ಠಾಕೂರರ ಗಿಳಿಯ ಕತೆ. ಹಾಡುತ್ತ ಹಾರಾಡುತ್ತಿದ್ದ ಗಿಳಿಯೊಂದಕ್ಕೆ ವಿದ್ಯೆ ಕಲಿಸಬೇಕೆಂದು ರಾಜ ಅಪ್ಪಣೆ ಕೊಡುತ್ತಾನೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ರಾಶಿ ರಾಶಿ ಗ್ರಂಥಗಳ ಪ್ರತಿ ಸಿದ್ಧವಾಗುತ್ತದೆ, ಮೇಲ್ವಿಚಾರಕರು ಕೊಬ್ಬುತ್ತಾರೆ. ಹಾಳೆಗಳನ್ನು ಗಿಳಿಯ ಬಾಯಿಗೆ ತುರುಕುತ್ತಾರೆ. ಕೊನೆಗೆ ಗಿಳಿ ಸಾಯುತ್ತದೆ. ಒತ್ತಿ ನೋಡಿದರೆ ಹೊಟ್ಟೆಯೊಳಗಿನ ಹಾಳೆಗಳು ಸರಸರ ಎನ್ನುತ್ತವೆ. ಇಷ್ಟು ಘೋರವಾದ ಕತೆಯನ್ನು ಮಕ್ಕಳು ಹಾಡಿ ಕುಣಿದು ಆಡುತ್ತಾರೆ, ದೊಡ್ಡವರು ಮುಂದಿನ ಸಾಲಿನಲ್ಲಿ ಕುಳಿತು ನಗುತ್ತ ನಗುತ್ತ ಸುಮ್ಮನಾಗುತ್ತಾರೆ. ಮಕ್ಕಳ ಕೈಗೆ ನಗುವೆಂಬ ಆಯುಧ ಸಿಕ್ಕರೆ ಅದು ಎಲ್ಲಿಗೆ ನಾಟುತ್ತದೆಂಬುದನ್ನು ಈ ನಾಟಕದಲ್ಲಿ ಕಾಣಬಹುದು.

ಇನ್ನೊಬ್ಬ ಕಾರಂತರನ್ನೂ ಇಲ್ಲಿ ನೆನೆಯಬೇಕು. ಕೋಟದ ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳಿಗೆ ಇಳಿದರು. 1936ರಲ್ಲಿ ಮಕ್ಕಳಿಗೆಂದೇ ‘ಬಾಲಪ್ರಪಂಚ’ದ ಸಂಪುಟಗಳನ್ನು ಹೊರತಂದರು. ಮಗುವಿಗೆ ಇಡೀ ಜಗತ್ತನ್ನು ಕನ್ನಡದಲ್ಲಿ ತೋರಿಸಬೇಕೆಂಬ ಹಟ ಒಂದು ಕಡೆ, ಅದೇ ಮಗು ಕುಣಿಯಬೇಕು, ಬಣ್ಣ ಹಚ್ಚಬೇಕು ಎಂಬ ಆಸೆ ಇನ್ನೊಂದು ಕಡೆ. ವಿಜ್ಞಾನ ಬರೆದ ಕೈಗೂ ಗೆಜ್ಜೆ ಕಟ್ಟಿದ ಕಾಲಿಗೂ ಆ ಮನೆಯಲ್ಲಿ ಜಗಳವಿರಲಿಲ್ಲ.

ಇವರೆಲ್ಲರೂ ಅಲ್ಲಲ್ಲಿ ಒಬ್ಬೊಬ್ಬರಾಗಿ ದುಡಿದವರು. ಸರ್ಕಾರಿ ಶಾಲೆಗಳ ಪದ್ಧತಿಯಲ್ಲಿಯೇ ನಲಿವಿಗೆ ಜಾಗ ಸಿಕ್ಕಿದ್ದು 1995ರ ಸುಮಾರಿಗೆ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಕಾಡಂಚಿನ ತಾಲ್ಲೂಕು ಅದು. ಜೇನುಕುರುಬರ ಹಾಡಿಗಳಿರುವ ಪ್ರದೇಶ. ಅಲ್ಲಿಯ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ, ತಮ್ಮ ಮಕ್ಕಳಿಗೆ ಹೊಂದುವ ಕ್ರಮವೊಂದನ್ನು ರೂಪಿಸಿದರು. ಅದೇ ‘ನಲಿ-ಕಲಿ’. ಪಾಠಪುಸ್ತಕದ ಬದಲು ಕಾರ್ಡುಗಳು, ಸಾಲು ಬೆಂಚುಗಳ ಬದಲು ನೆಲದ ಮೇಲೆ ವೃತ್ತಾಕಾರದ ಗುಂಪುಗಳು, ಮಗುವಿನ ಕೈಗೆಟಕುವ ಎತ್ತರದಲ್ಲಿ ಕರಿಹಲಗೆ, ಮಕ್ಕಳ ಚಿತ್ರಗಳನ್ನು ತೂಗುಹಾಕಲು ತಲೆಯ ಮೇಲೆ ಚಪ್ಪರ. ದಿನಾಲೂ ಹಾಡು, ಕತೆ, ಆಟ. ಕಾರ್ಡಿನ ಪಾಠಗಳನ್ನೂ ಹಾಡುಗಳನ್ನೂ ಕಟ್ಟುವುದರಲ್ಲಿ ತರಗತಿಯ ಉಪಾಧ್ಯಾಯರೇ ಪಾಲ್ಗೊಂಡರೆಂಬುದು ಅದರ ಹೆಚ್ಚುಗಾರಿಕೆ. 2009-10ರಲ್ಲಿ ಅದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆ ವಿಸ್ತರಿಸಲಾಯಿತು.

ಅದೇ ಹೊತ್ತಿಗೆ ಕೇಂದ್ರದ ಶಿಕ್ಷಣ ಹಕ್ಕು ಕಾಯಿದೆಯೂ ಬಂದಿತು. ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೊಡಕೂಡದೆಂದು 2010ರ ಏಪ್ರಿಲ್ ಒಂದರಿಂದ ಕಾನೂನೇ ಹೇಳುತ್ತದೆ. ಕೋದಂಡದ ಕಾಲದಿಂದ ಇಲ್ಲಿಗೆ ಬಂದ ದಾರಿ ಸಣ್ಣದಲ್ಲ. ಆದರೆ ಕಾನೂನು ಕೈಯಿಂದ ಬೆತ್ತವನ್ನು ಕಿತ್ತುಕೊಳ್ಳಬಲ್ಲದು, ಮುಖಕ್ಕೆ ನಗುವನ್ನು ತಂದುಕೊಡಲಾರದು.

ಇಲ್ಲಿಯೇ ನನ್ನ ಆತಂಕವೊಂದಿದೆ. ವಿಸ್ತಾರವಾದದ್ದೆಲ್ಲ ತೆಳ್ಳಗಾಗುವ ಅಪಾಯವಿರುತ್ತದೆ. ಹಾಡೂ ಒಂದು ಕಾರ್ಯಕ್ರಮವಾಗಿ, ವೇಳಾಪಟ್ಟಿಯಲ್ಲಿ ಹತ್ತರಿಂದ ಹತ್ತೂಕಾಲರವರೆಗೆ ಎಂದು ನಿಗದಿಯಾಗಿ, ಉಪಾಧ್ಯಾಯರು ಬೇಸರದಿಂದ ಹೇಳಿಸಿ ಮಕ್ಕಳು ಬೇಸರದಿಂದ ಹೇಳಿದರೆ ಅದು ಮತ್ತೆ ಮಗ್ಗಿಯೇ. ಅಭಿನಯಗೀತೆಯಲ್ಲಿ ಎಲ್ಲ ಕೈಗಳೂ ಒಂದೇ ಸಲ ಎದ್ದು ಒಂದೇ ಸಲ ಇಳಿಯುವ ಶಾಲೆಗಳನ್ನು ನಾನು ನೋಡಿದ್ದೇನೆ. ಅಲ್ಲಿ ಛಡಿಯಿಲ್ಲ, ಆದರೆ ಘಮವೂ ಇಲ್ಲ. ಹಾಡಿನ ಜೊತೆ ಹಾಡುವವರ ಮನಸ್ಸು ಬರದಿದ್ದರೆ ಪಂಜೆಯವರ ಪದ್ಯವೂ ಬರಿಯ ಪಠ್ಯ.

‘ಮೇಷ್ಟ್ರೇ, ಹಾಡು ನಾಟಕ ಅಂತ ಕೂತರೆ ಪೋರ್ಷನ್ ಮುಗಿಯುವುದು ಯಾವಾಗ?’ ಎಂದು ನಿಮ್ಮಲ್ಲಿ ಕೆಲವರು ನನ್ನನ್ನು ಆಗಾಗ ಕೇಳುತ್ತೀರಿ. ಪ್ರಶ್ನೆ ನ್ಯಾಯವಾದದ್ದೇ. ಒಬ್ಬರೇ ಮೂರು ತರಗತಿ ನೋಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಮಾಹಿತಿ ತುಂಬಿ ಕಳುಹಿಸಬೇಕು. ಆದರೂ ಈ ಇತಿಹಾಸ ಕೊಡುವ ಉತ್ತರವನ್ನು ಕೇಳಿ. ಹಾಡನ್ನು ಪಾಠದ ಕಹಿಗೆ ಸವರುವ ಬೆಲ್ಲವೆಂದು ತಿಳಿದರೆ, ಬೆಲ್ಲಕ್ಕೆ ಪ್ರತ್ಯೇಕ ಸಮಯ ಹುಡುಕಬೇಕಾಗುತ್ತದೆ. ಪಂಜೆಯವರಾಗಲಿ ರಾಜರತ್ನಂ ಅವರಾಗಲಿ ಹಾಗೆ ತಿಳಿಯಲಿಲ್ಲ. ಮಗು ಭಾಷೆಯೊಳಗೆ, ತರಗತಿಯೊಳಗೆ, ಗುರುವಿನ ವಿಶ್ವಾಸದೊಳಗೆ ಕಾಲಿಡುವ ಬಾಗಿಲೇ ಅದೆಂದು ಕಂಡರು. ಬಾಗಿಲು ತೆರೆಯಲು ತೆಗೆದುಕೊಂಡ ಹೊತ್ತು ವ್ಯರ್ಥವೆಂದು ಯಾರೂ ಹೇಳುವುದಿಲ್ಲ.

ಈ ಹಿರಿಯರಿಂದ ನಾನು ಆರಿಸಿಕೊಂಡದ್ದು ಮೂರು ಮಾತು. ಮೊದಲನೆಯದು ನಗುವಿನ ವಿಷಯ. ತರಗತಿಯಲ್ಲಿ ಎರಡು ಬಗೆಯ ನಗುವಿದ್ದಾವೆ: ಒಬ್ಬನನ್ನು ಹೊರಗಿಟ್ಟು ನಗುವುದು, ಒಬ್ಬನನ್ನು ಒಳಗೆ ಕರೆದು ನಗುವುದು. ಗುರು ತಾನು ನಗೆಗೀಡಾಗಲು ಸಿದ್ಧನಾದರೆ ಮಾತ್ರ ಎರಡನೆಯ ನಗು ಹುಟ್ಟುತ್ತದೆ. ಎರಡನೆಯದು ಹಾಡಿನ ವಿಷಯ. ಮಾತಿನಲ್ಲಿ ಬಲ್ಲವನು ಮುಂದೆ, ಬಾರದವನು ಹಿಂದೆ, ಮೇಳದಲ್ಲಿ ಹಾಗಿಲ್ಲ. ಒಂದೇ ಅಕ್ಷರ ಬಲ್ಲವನಿಗೂ ಅಲ್ಲಿ ಜಾಗವುಂಟು. ಮೂರನೆಯದು ಸೃಷ್ಟಿಯ ವಿಷಯ. ಪಂಜೆ, ರಾಜರತ್ನಂ, ಕೋಟೆಯ ಉಪಾಧ್ಯಾಯರು ಯಾರೂ ಎಲ್ಲಿಂದಲೋ ಬರುವ ಸಾಮಗ್ರಿಗೆ ಕಾಯಲಿಲ್ಲ. ಇಲ್ಲದ್ದನ್ನು ತಾವೇ ಮಾಡಿದರು, ಮಕ್ಕಳಿಂದಲೂ ಮಾಡಿಸಿದರು.

ನಿಮ್ಮ ತರಗತಿಯಲ್ಲಿ, ಅಥವಾ ನಿಮ್ಮ ಮನೆಯ ಮೊಮ್ಮಕ್ಕಳ ಗುಂಪಿನಲ್ಲಿ, ಮಾತಾಡದ ಮಗುವೊಂದು ಇದ್ದೇ ಇರುತ್ತದೆ. ಈಗ ಆ ಮಗುವಿನ ಮನೆಮಾತು ಬಿಹಾರದ್ದಿರಬಹುದು, ಒಡಿಶಾದ್ದಿರಬಹುದು. ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ನಮ್ಮ ಶಾಲೆಗಳಲ್ಲಿ ಕೂರುವ ಕಾಲವಿದು. ಪರದೇಶದಲ್ಲಿರುವ ನಿಮ್ಮ ಮಕ್ಕಳಿಗಾದರೋ ಕನ್ನಡವೇ ಹೊಸ್ತಿಲಾಚೆಯ ಭಾಷೆಯಾಗಿರಬಹುದು. ಅವರಿಗೆ ವ್ಯಾಕರಣ ಹೇಳುವ ಮೊದಲು ‘ನಾಯಿಮರಿ’ಯನ್ನು ಎರಡು ಭಾಗವಾಗಿ ಹಾಡಿ. ಬೊಗಳುವ ಜಾಗ ಬಂದಾಗ ನಾಚಿಕೊಳ್ಳಬೇಡಿ, ನೀವೂ ಗಟ್ಟಿಯಾಗಿಯೇ ಬೊಗಳಿ.